ಸರಾಸರಿ ನಂಬಿ ಕಳೆದುಕೊಂಡ ಒಂದೂವರೆ ಕ್ವಿಂಟಲ್ ಅಡಿಕೆ

ನಮ್ಮದು ಶಿರಸಿ ಕಡೆಯ ತೋಟ, ಹೆಚ್ಚುಕಮ್ಮಿ 600 ಮರ. ಮೂರು ಮಳೆಗಾಲದಿಂದ ಪ್ರತಿ ಮರದ ಕೊಳೆಗೆ, ಅಂದರೆ ಮಳೆಗೆ ಅಡಿಕೆ ಕಾಯಿ ಕೊಳೆತು ಉದುರುವ ರೋಗಕ್ಕೆ, ಅಂಕ ಹಾಕುತ್ತಿದ್ದೇನೆ. ಕೊಳೆ ಇಲ್ಲದಿದ್ದರೆ 0, ನಾಲ್ಕಾರು ಕಾಯಿ ಉದುರಿದರೆ 1, ಅರ್ಧ ಕೊನೆ (ಅಡಿಕೆ ಗೊನೆ) ಹೋದರೆ 2, ಪೂರ್ತಿ ಹೋದರೆ 3. ‘ಮರ ಎಣಿಸಿದ್ರೆ ಕೊಳೆ ನಿಲ್ತದಾ ಭಾವಾ?’ ಅಂತ ಹೆಂಡತಿಯ ತಮ್ಮ ನಗುತ್ತಿದ್ದ.

ನಗುವಂತೆಯೇ ಆಯಿತು ಬಿಡಿ. ಮೊದಲ ವರ್ಷ ಎಕ್ಸೆಲ್‌ನಲ್ಲಿ ಸರಾಸರಿ ತೆಗೆದೆ. 0.65 ಬಂತು. ಒಂದರ ಒಳಗೇ ಇದೆ, ಮತ್ತೇನು ಹೆದರಿಕೆ ಅಂದುಕೊಂಡು ಮರುವರ್ಷ ಕೊಳೆಗೆ ಎರಡನೇ ಸಲ ಮದ್ದು ಹೊಡೆಸಲಿಲ್ಲ. ಮದ್ದಿನ ಮೈಲುತುತ್ತ, ಸುಣ್ಣ, ಮರ ಹತ್ತಿ ಹೊಡೆಯುವ ಕೊನೆಗೌಡನ ಕೂಲಿ ಎಲ್ಲ ಸೇರಿ 12 ಸಾವಿರ ಉಳಿಯಿತು. ಹೋದ ಅಡಿಕೆ ಒಂದೂವರೆ ಕ್ವಿಂಟಲ್. ಆಗಿನ ದರಕ್ಕೆ 65–70 ಸಾವಿರ.

ಅಂಕ ಹಾಕಿದ್ದು ನಾನೇ, ಆದರೆ ಅದು ತೂಕವಲ್ಲ, ಬರೀ ಮೆಟ್ಟಿಲು. 1ರಿಂದ 2ಕ್ಕೆ ಇರುವ ದೂರವೇ 2ರಿಂದ 3ಕ್ಕೂ ಇದೆ ಅಂತ ಯಾರು ಹೇಳಿದರು? ಸರಿ, ಅದೇ ಅಂಕಗಳ ಮಧ್ಯಾಂಕ (ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬರುವುದು) ತೆಗೆದೆ. 0! ಬಹುಲಕವೂ (ಅತಿ ಹೆಚ್ಚು ಸಲ ಬಂದ ಅಂಕ) 0. ಇನ್ನೂ ದೊಡ್ಡ ಸುಳ್ಳು.

ಕೊನೆಗೆ ಯಾವ ಅಂಕಕ್ಕೆ ಎಷ್ಟು ಮರ ಅಂತ ಸುಮ್ನೆ ಎಣಿಸಿದೆ. 430 ಮರಕ್ಕೆ 0, ಸುಮಾರು 100 ಮರಕ್ಕೆ 3, ನಡುವೆ ಬಹಳ ಕಡಿಮೆ. ಆ ನೂರರಲ್ಲಿ 80 ಮರ ಬಸಿಗಾಲುವೆ ಪಕ್ಕದ ತಗ್ಗಿನವು. ತಗ್ಗಿನ 150 ಮರಗಳನ್ನು ಬೇರೆ ಮಾಡಿದೆ. ಅಲ್ಲಿಯ ಮಧ್ಯಾಂಕ 3, ಮೇಲಿನದ್ದು 0. ಒಂದೇ ತೋಟ ಅಂದುಕೊಂಡಿದ್ದು ಎರಡು ತೋಟ!

ಈ ಸಲ ತಗ್ಗಿಗೆ ಮೂರು ಸಲ ಮದ್ದು, ಮೇಲೆ ಒಂದೇ ಸಲ. ಇಡೀ ತೋಟಕ್ಕೆ ಎರಡು ಸಲ ಹೊಡೆಸಿದರೆ 24 ಸಾವಿರ ಆಗುತ್ತಿದ್ದ ಖರ್ಚು 18ಕ್ಕೆ ಇಳಿಯಿತು. 3 ಅಂಕದ ಮರ ಎಂಟೋ ಒಂಬತ್ತೋ ಅಷ್ಟೆ.

ನಡುವೆ ಇನ್ನೊಂದು ಹುಚ್ಚು. ತಳಿಗೂ 1, 2, 3 ಅಂತ ನಂಬರ್ ಕೊಟ್ಟಿದ್ದೆ. ಎಕ್ಸೆಲ್ ‘ಸರಾಸರಿ ತಳಿ 1.8’ ಅಂದಿತು. ಊರಿನ ತಳಿಗೆ ಮಂಗಳ ತಳಿ ಕಸಿಯಾದ ಹಾಗೆ! ಬರೀ ಹೆಸರಿಗೆ ಸರಾಸರಿ ಇಲ್ಲ, ಯಾವ ತಳಿ ಎಷ್ಟು ಅನ್ನುವ ಶೇಕಡಾವಾರು ಸಾಕು.

ದರದಲ್ಲೂ ಜಾರಿದ್ದೆ. ಕ್ವಿಂಟಲ್‌ಗೆ 44 ಸಾವಿರದ ದರಕ್ಕೆ 6 ಕ್ವಿಂಟಲ್, 52ರ ದರಕ್ಕೆ 1 ಕ್ವಿಂಟಲ್, 54ರ ದರಕ್ಕೆ ಅರ್ಧ ಕ್ವಿಂಟಲ್ ಹೋಯಿತು. ಮೂರು ದರ ಕೂಡಿ ಭಾಗಿಸಿ, ಸರಾಸರಿ 50 ಸಿಕ್ಕಿತು ಅಂತ ಊರೆಲ್ಲ ಹೇಳಿಕೊಂಡು ಬಂದೆ. ತೂಕ ಹಿಡಿದು ಲೆಕ್ಕ ಹಾಕಿದರೆ 45,700. ಭಾವಮೈದನಿಗೆ ಇದನ್ನಿನ್ನೂ ಹೇಳಿಲ್ಲ. ಮೊನ್ನೆ ಅವನೇ ತನ್ನ ತೋಟದ ಮರಗಳಿಗೆ ನಂಬರ್ ಬರೆಸಲು ಬಣ್ಣದ ಡಬ್ಬಿ ಕೇಳಿಕೊಂಡು ಬಂದಿದ್ದ.