ಮುಂದಿನ ಚಕ್ರದಲ್ಲಿ ಲೊಟಕ್ ಸದ್ದಾ? ಶಾಕ್ ಅಬ್ಸಾರ್ಬರ್ ಬದಲಿಸೋ ಮುಂಚೆ ಇದನ್ನ ನೋಡಿ

ಶಿರಾಡಿ ಘಾಟಿ ಇಳಿದು ಬಂದ ಮೇಲೆ ನಮ್ಮ ಹಳೇ ಕಾರಿನ ಎಡಗಡೆ ಲೊಟಕ್ ಲೊಟಕ್ ಶುರುವಾಯ್ತು. ಒಬ್ಬ ಮೆಕ್ಯಾನಿಕ್ ಬಗ್ಗಿಯೂ ನೋಡದೆ "ಎರಡೂ ಶಾಕ್ ಹೋಗಿದೆ ಸಾರ್" ಅಂದ. ನಿಜವಾಗಿ ಹೋಗಿದ್ದು ಸ್ಟೆಬಿಲೈಜರ್ ಲಿಂಕ್, ಕಾರು ವಾಲದಂತೆ ತಡೆಯೋ ಸ್ಟೆಬಿಲೈಜರ್ ಬಾರನ್ನ ಚಕ್ರದ ಕಡೆಗೆ ಜೋಡಿಸೋ, ಬೆರಳು ದಪ್ಪದ ಒಂದು ಕಡ್ಡಿ!

ಸದ್ದು ಯಾವಾಗ ಬರುತ್ತೆ ಅಂತ ಮೊದಲು ಗಮನಿಸಿ. ನಿಧಾನಕ್ಕೆ ಹೋಗ್ತಾ ಒಂದೇ ಚಕ್ರ ಗುಂಡಿಗೆ ಇಳಿದಾಗ ಟಕಟಕ ಅಂದು, ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದಾಗ ಕಮ್ಮಿಯಾದ್ರೆ ಲಿಂಕ್ ಮೇಲೇ ಅನುಮಾನ. ಒಟ್ಟಿಗೆ ಹತ್ತಿದಾಗ ಎಡ-ಬಲ ಚಕ್ರಗಳ ನಡುವಿನ ಸ್ಟೆಬಿಲೈಜರ್ ಬಾರ್ ತಿರುಚಿಕೊಳ್ಳಲ್ಲ, ಲಿಂಕ್ ಮೇಲೆ ಭಾರ ಬೀಳಲ್ಲ. ಬ್ರೇಕ್ ಒತ್ತಿದಾಗ ಒಂದೇ ಸಲ 'ದಡ್' ಅಂದ್ರೆ ಸಾಮಾನ್ಯವಾಗಿ ಲೋಯರ್ ಆರ್ಮ್ ಬುಷ್ (ಚಕ್ರವನ್ನ ಕೆಳಗಿಂದ ಹಿಡಿಯೋ ತೋಳಿನ ರಬ್ಬರ್). ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಟಂಗ್ ಅಂದ್ರೆ ಸ್ಟ್ರಟ್ ಮೌಂಟ್ (ಶಾಕ್‌ನ ಮೇಲ್ತುದಿಯನ್ನ ಬಾಡಿಗೆ ಕೂರಿಸೋ ಭಾಗ) ನೋಡಿಸಿ.

ಲಿಂಕ್ ಪರೀಕ್ಷೆಗೆ ಜಾಕ್ ಬೇಡ. ಸಮತಟ್ಟು ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರದ ಹಿಂದೆ ಕೈ ಹಾಕಿ ಲಿಂಕನ್ನ ಜೋರಾಗಿ ಅಲ್ಲಾಡಿಸಿ. ನಮ್ಮದರಲ್ಲಿ ರಬ್ಬರ್ ಬೂಟ್ ಹರಿದು, ಗ್ರೀಸ್ ಜಾಗದಲ್ಲಿ ಕೆಮ್ಮಣ್ಣು ತುಂಬಿತ್ತು. ಅಲ್ಲಾಡಿಸಿದರೆ ಟಿಕ್ ಟಿಕ್ ಅಂತ ಕೈಗೇ ತಿಳೀತು.

ಲಿಂಕ್‌ದಲ್ಲ, ಲೋಯರ್ ಆರ್ಮ್ ತುದಿಯಲ್ಲಿ ಚಕ್ರವನ್ನ ಹಿಡಿದಿರೋ ಬಾಲ್ ಜಾಯಿಂಟ್ ಸಡಿಲ ಅಂತ ಗೊತ್ತಾದ್ರೆ ಮಾತ್ರ ಗಾಡಿ ಓಡಿಸಬೇಡಿ. ಅದು ಕಳಚಿದ್ರೆ ಚಕ್ರವೇ ಮಡಚಿಕೊಳ್ಳುತ್ತೆ.

ಇನ್ನೊಂದು, ಆರ್ಮ್ ಬುಷ್ ಹಾಕಿಸಿದ್ರೆ ಕೊನೇ ಬಿಗಿತವನ್ನ ಕಾರಿನ ಭಾರ ಚಕ್ರದ ಮೇಲಿರುವಾಗಲೇ ಕೊಡೋಕೆ ಹೇಳಿ. ಗಾಳಿಯಲ್ಲಿ ತೂಗಾಡ್ತಿರುವಾಗ ಬಿಗಿದ್ರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ.