‘ರ‍್ಯಾಮ್ ಕೀಳೋಕೆ ಬರುತ್ತಾ?’

ಲ್ಯಾಪ್‌ಟಾಪ್ ಕೊಳ್ಳಲು ಹೊರಟವರು ನನ್ನನ್ನು ಮೊದಲು ಕೇಳುವುದು ಸಾಮಾನ್ಯವಾಗಿ ಒಂದೇ, ಪ್ರೊಸೆಸರಿನ ವಿಷಯ: ‘ಐ5 ಸಾಕಾ, ಐ7 ಬೇಕಾ?’ ನಾನು ತಿರುಗಿ ಕೇಳುವುದೂ ಒಂದೇ: ‘ಅದರ ರ‍್ಯಾಮ್ ಕೀಳೋಕೆ ಬರುತ್ತಾ, ಇಲ್ಲಾ ಬೋರ್ಡಿಗೇ ಸೋಲ್ಡರ್ ಮಾಡಿದ್ದಾರಾ?’ ರ‍್ಯಾಮ್ ಅಂದರೆ ಕೆಲಸ ನಡೆಯುವಾಗ ಕಂಪ್ಯೂಟರ್ ಬಳಸುವ ತಾತ್ಕಾಲಿಕ ಮೆಮೊರಿ, ಸೋಲ್ಡರ್ ಅಂದರೆ ಕಳಚಲು ಬಾರದಂತೆ ಬೆಸೆಯುವುದು. ಹೆಚ್ಚಿನವರಿಗೆ ಇದರ ಉತ್ತರ ಗೊತ್ತಿರುವುದಿಲ್ಲ. ಡಬ್ಬದ ಮೇಲೆ ಬರೆದಿರುವುದಿಲ್ಲ, ಜಾಹೀರಾತಿನಲ್ಲಂತೂ ಇಲ್ಲವೇ ಇಲ್ಲ. ಆದರೆ ಒಂದು ಲ್ಯಾಪ್‌ಟಾಪ್ ನಾಲ್ಕು ವರ್ಷಕ್ಕೆ ಮೂಲೆ ಸೇರುತ್ತದೋ ಹತ್ತು ವರ್ಷ ಬಾಳುತ್ತದೋ ಅನ್ನುವುದು ಎಷ್ಟೋ ಸಲ ಅಲ್ಲೇ ತೀರ್ಮಾನವಾಗಿರುತ್ತದೆ.

2026ರ ಶುರುವಿನಲ್ಲಿ ತಿಪಟೂರಿನಲ್ಲಿರುವ ನಮ್ಮಕ್ಕನ ಮಗಳಿಗೆ ಲ್ಯಾಪ್‌ಟಾಪ್ ಬೇಕಾಯಿತು. ಬಿಸಿಎ ಓದುತ್ತಿದ್ದಾಳೆ. ಜಾವಾ, ಪೈಥಾನ್, ಒಂದಿಷ್ಟು ಡೇಟಾಬೇಸ್, ರಾತ್ರಿ ಹೊತ್ತು ಸಿನಿಮಾ, ಅಷ್ಟೇ ಕೆಲಸ. ಭಾವ ಫೋನಿನಲ್ಲಿ ‘ಹೊಸದೇ ಕೊಡ್ಸೋಣ ಕಣಪ್ಪಾ, ಇಎಂಐ ಹಾಕ್ಸುದ್ರಾಯ್ತು’ ಅಂದರು. ಅವರು ಹೇಳಿದ ಬಜೆಟ್ಟಿಗೆ ಬರುವ ಹೊಸ ಮಾಡೆಲ್ಲುಗಳನ್ನೆಲ್ಲ ನೋಡಿದೆ. ನೋಡಲು ತೆಳ್ಳಗೆ, ಚೆನ್ನಾಗೇ ಇದ್ದವು. ಆದರೆ 8 ಜಿಬಿ ರ‍್ಯಾಮ್ ಬೋರ್ಡಿಗೇ ಅಂಟಿಕೊಂಡಿದೆ, ಹೆಚ್ಚಿಸಲು ಸ್ಲಾಟ್ ಇಲ್ಲ, ಮುಚ್ಚಳದ ಹಿಂಜ್ ಕೂತಿರುವುದು ತೆಳು ಪ್ಲಾಸ್ಟಿಕ್ಕಿನ ಮೇಲೆ. ‘ಇದರ ಅರ್ಧ ದುಡ್ಡಿಗೆ ಹಳೇದೊಂದು ಕೊಡಿಸ್ತೀನಿ ಭಾವ, ಇದಕ್ಕಿಂತ ಗಟ್ಟಿ ಇರುತ್ತೆ’ ಅಂದೆ. ಸೆಕೆಂಡ್ ಹ್ಯಾಂಡ್ ಅಂದರೆ ಅವರು ಮೂಗು ಮುರಿಯುವವರೇ. ‘ನಿಮ್ ಬೈಕೂ ಸೆಕೆಂಡ್ ಹ್ಯಾಂಡೇ ಅಲ್ವಾ’ ಅಂತ ಅಕ್ಕ ಹಿಂದಿನಿಂದ ಕೂಗಿದ ಮೇಲೆ ಒಪ್ಪಿದರು.

ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದು ಲೆನೊವೊದ ಥಿಂಕ್‌ಪ್ಯಾಡ್ ಟಿ470. 2017ರ ಮಾಡೆಲ್, 14 ಇಂಚಿನ ಪರದೆ, ಕಪ್ಪು ಬಣ್ಣ, ಕೀಬೋರ್ಡಿನ ನಡುವೆ ಕೆಂಪು ಗುಂಡಿ. ಒಳಗೆ ರ‍್ಯಾಮಿಗೆ ಎರಡು ಸ್ಲಾಟ್, ಬಿಚ್ಚಿ ಬದಲಿಸಬಹುದಾದ ಡಿಸ್ಕ್, ಹಿಂದೆ ಕೈಯಲ್ಲೇ ತೆಗೆಯಬಹುದಾದ ಬ್ಯಾಟರಿ. ಬೆಂಗಳೂರಿನ ಕಂಪನಿಗಳು ಇಂಥವನ್ನು ಸಾವಿರಗಟ್ಟಲೆ ಲೀಸ್‌ಗೆ ತೆಗೆದುಕೊಂಡು ಅವಧಿ ಮುಗಿದ ಮೇಲೆ ಹಿಂದಿರುಗಿಸುತ್ತವೆ. ಅವು ಕೈಬದಲಾಗಿ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಬಂದು ಬೀಳುತ್ತವೆ. ಇನ್ನೊಂದು ಕಾರಣಕ್ಕೂ ಅವು ಅಗ್ಗ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11ರ ಪಟ್ಟಿಯಲ್ಲಿ ಇಂಟೆಲ್‌ನವು ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಶುರು. ಟಿ470ರಲ್ಲಿರುವ ಐ5-7200ಯು 7ನೇ ತಲೆಮಾರಿನದು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇದ್ದರೂ ಪಟ್ಟಿಯಿಂದ ಹೊರಗೆ. ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕುವವನಿಗೆ ಇದರಿಂದ ನಷ್ಟವೇನಿಲ್ಲ, ದರ ಇಳಿದದ್ದೇ ಲಾಭ.

ಅಂಗಡಿಯಲ್ಲಿ ನಾನು ನೋಡುವ ಕ್ರಮ ಹೀಗೆ. ಮೊದಲು ಎಫ್1 ಒತ್ತಿ ಬಯಾಸ್, ಅಂದರೆ ಮೆಷಿನ್ನಿನ ಮೂಲ ಸೆಟ್ಟಿಂಗುಗಳ, ಒಳಗೆ ಹೋಗುವುದು. ಅಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿತೋ, ಆ ಮೆಷಿನ್ ಎಷ್ಟೇ ಹೊಳೆಯುತ್ತಿರಲಿ, ಕೆಳಗಿಡುವುದು. ಥಿಂಕ್‌ಪ್ಯಾಡಿನಲ್ಲಿ ಅದನ್ನು ಬ್ಯಾಟರಿ ಕಿತ್ತು ಅಳಿಸಲು ಬರುವುದಿಲ್ಲ. ‘ನಾಳೆ ಓಪನ್ ಮಾಡ್ಸಿಕೊಡ್ತೀನಿ ಸಾರ್’ ಅನ್ನುವವರಿಗೆ ನಾಳೆಯೇ ಬರುತ್ತೇನೆ ಅಂದರಾಯಿತು. ಆಮೇಲೆ ಪರದೆ. ಇದೇ ಮಾಡೆಲ್ಲಿನಲ್ಲಿ 1366 x 768ರ ಸಪ್ಪೆ ಟಿಎನ್ ಪರದೆಯೂ ಬರುತ್ತದೆ, 1920 x 1080ರ ಐಪಿಎಸ್ ಕೂಡ. ಪಕ್ಕದಿಂದ, ಕೆಳಗಿನಿಂದ ಬಗ್ಗಿ ನೋಡಿದರೆ ಟಿಎನ್‌ನ ಬಣ್ಣ ತಿರುಗಿ ಕಪ್ಪಾಗುತ್ತದೆ, ಕೇಳುವ ಅಗತ್ಯವೇ ಇಲ್ಲ. ಪ್ರತಿ ಕೀ ಒತ್ತಿ ನೋಡುವುದು, ಪ್ರತಿ ಯುಎಸ್‌ಬಿ ಪೋರ್ಟಿಗೂ ಪೆನ್‌ಡ್ರೈವ್ ಚುಚ್ಚುವುದು. ಟೈಪ್-ಸಿಗೆ ನನ್ನದೇ ಚಾರ್ಜರ್ ಹಾಕಿ ನೋಡುತ್ತೇನೆ. ಟಿ470 ಆ ಪೋರ್ಟಿನಲ್ಲೂ ಚಾರ್ಜ್ ಆಗುತ್ತದೆ, ಮನೆಯಲ್ಲಿ ಎಲ್ಲದಕ್ಕೂ ಒಂದೇ ಚಾರ್ಜರ್ ಸಾಕು ಅನ್ನುವುದು ಸಣ್ಣ ಸುಖವಲ್ಲ.

ಬ್ಯಾಟರಿ ವಿಷಯದಲ್ಲಿ ಅಂಗಡಿಯವರ ‘ಮೂರು ಅವರ್ ಗ್ಯಾರಂಟಿ ಬರುತ್ತೆ’ ಮಾತಿಗೆ ಬೆಲೆ ಕೊಡಬೇಕಾಗಿಲ್ಲ. ವಿಂಡೋಸ್ ಇದ್ದರೆ ಕಮಾಂಡ್ ಪ್ರಾಂಪ್ಟಿನಲ್ಲಿ ‘ಪವರ್‌ಸಿಎಫ್‌ಜಿ’ಯ ಬ್ಯಾಟರಿ ರಿಪೋರ್ಟ್ ತೆಗೆಸಿದರೆ ಎರಡು ಅಂಕಿ ಸಿಗುತ್ತವೆ: ತಯಾರಾದಾಗ ಎಷ್ಟು ಹಿಡಿಯುತ್ತಿತ್ತು, ಈಗ ತುಂಬಿದರೆ ಎಷ್ಟು ಹಿಡಿಯುತ್ತದೆ. ನಾನು ಆರಿಸಿದ್ದರಲ್ಲಿ ಒಳಗಿನ ಬ್ಯಾಟರಿ ಪರವಾಗಿಲ್ಲ, ಹೊರಗಿನದು ಅರ್ಧಕ್ಕೆ ಬಂದಿತ್ತು. ಅದನ್ನೇ ತೋರಿಸಿ ದರ ಇಳಿಸಿದೆ. ಕೊನೆಗೆ ₹14,000ದ ಆಸುಪಾಸಿನಲ್ಲಿ ಮುಗಿಯಿತು.

ಟಿ470ರ ಈ ಎರಡು ಬ್ಯಾಟರಿಯ ಏರ್ಪಾಡು ಇವತ್ತಿಗೂ ನನಗೆ ಬಲು ಇಷ್ಟ. ಒಳಗೊಂದು ಚಿಕ್ಕದು, ಹಿಂದೆ ಚಿಲಕ ಸರಿಸಿ ತೆಗೆಯುವ ಇನ್ನೊಂದು. ಹೊರಗಿನದು ಖಾಲಿಯಾದರೆ ಲ್ಯಾಪ್‌ಟಾಪ್ ಆಫ್ ಮಾಡದೆಯೇ ಬೇರೆಯದನ್ನು ಸಿಕ್ಕಿಸಬಹುದು. ಅಷ್ಟು ಹೊತ್ತು ಒಳಗಿನದು ಹಿಡಿದುಕೊಂಡಿರುತ್ತದೆ. ಹೊರಗಿನದು 24, 48, 72 ವ್ಯಾಟ್-ಅವರ್ ಹೀಗೆ ಬೇರೆಬೇರೆ ಅಳತೆಯಲ್ಲಿ ಸಿಗುತ್ತಿತ್ತು. 72ರದ್ದು ಕೆಳಗೆ ಗೂನು ಬಿಟ್ಟುಕೊಂಡಿರುತ್ತದೆ, ತೊಡೆಯ ಮೇಲೆ ಇಟ್ಟುಕೊಳ್ಳಲು ಕಿರಿಕಿರಿ, ಮೇಜಿನ ಮೇಲೆ ಟೈಪ್ ಮಾಡಲು ಮಾತ್ರ ಆ ಇಳಿಜಾರು ಹಿತ. ಲೋಡ್ ಶೆಡ್ಡಿಂಗ್ ಇರುವ ಊರಿಗೆ ಕಳಿಸುವ ಮೆಷಿನ್ನಿಗೆ ಗೂನಿದ್ದರೂ ಅದೇ ಸರಿ ಎಂದು 72ರದ್ದೇ ಹುಡುಕಿ ಹಾಕಿದೆ.

ಬಿಚ್ಚುವ ಮುಂಚೆ ಒಂದು ಮಾತು. ಹೊರ ಬ್ಯಾಟರಿ ತೆಗೆದ ಮಾತ್ರಕ್ಕೆ ಕರೆಂಟ್ ಹೋಯಿತು ಅಂದುಕೊಳ್ಳಬಾರದು, ಒಳಗಿನದು ಇನ್ನೂ ಬೋರ್ಡಿಗೆ ಉಣಿಸುತ್ತಿರುತ್ತದೆ. ಬಯಾಸಿನಲ್ಲಿ ಪವರ್ ವಿಭಾಗಕ್ಕೆ ಹೋಗಿ ಬಿಲ್ಟ್-ಇನ್ ಬ್ಯಾಟರಿಯನ್ನು ಡಿಸೇಬಲ್ ಮಾಡಿದರೆ ಅದು ತಾನೇ ಆಫ್ ಆಗುತ್ತದೆ. ಮತ್ತೆ ಚಾರ್ಜರ್ ಹಾಕಿದಾಗ ಎಚ್ಚರವಾಗುತ್ತದೆ. ತಳದ ಸ್ಕ್ರೂಗಳು ಸಡಿಲಾದರೂ ಕವರಿನಲ್ಲೇ ಉಳಿಯುತ್ತವೆ, ಕಳೆದುಹೋಗುವ ಭಯವಿಲ್ಲ. ಅಂಚಿನ ಕ್ಲಿಪ್‌ಗಳನ್ನು ಬಿಡಿಸಲು ಗಿಟಾರ್ ಪಿಕ್ ಅಥವಾ ಹಳೇ ಎಟಿಎಂ ಕಾರ್ಡು ಸಾಕು. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಅಂಚು ಹೋಗುತ್ತದೆ.

ಒಳಗೆ ಫ್ಯಾನಿನ ಬಾಯಿಗೆ ಧೂಳು ಹತ್ತಿಯ ಪದರದ ಹಾಗೆ ಕಟ್ಟಿತ್ತು. ಬ್ರಷ್ಷಿನಿಂದ ಬಿಡಿಸಿ, ಪ್ರೊಸೆಸರಿನ ಬಿಸಿ ಹೀರುವ ಹೀಟ್‌ಸಿಂಕ್ ಎತ್ತಿ, ಒಣಗಿ ಸುಣ್ಣವಾಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ಬ್ಲೋಯರ್ ಹಿಡಿಯುವುದಿದ್ದರೆ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿದುಕೊಳ್ಳಬೇಕು. ಗಾಳಿಗೆ ಗಿರಗಿರ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ.

ಡಿಸ್ಕಿನ ಕತೆ ಬೇಗ ಮುಗಿಯಿತು. ಅದರಲ್ಲಿದ್ದ 5400 ಆರ್‌ಪಿಎಂನ ಹಾರ್ಡ್‌ಡಿಸ್ಕ್ ಕಿತ್ತು ಸಾಟಾ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವೇ ಇಲ್ಲದ ಡಿಸ್ಕ್, ಕೂರಿಸಿದೆ. ಇನ್ನೂ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಹಾಕಲು ಅಡಾಪ್ಟರ್ ಹುಡುಕಬೇಕು, ಇಂಥ ಕೆಲಸಕ್ಕೆ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಹಳೇ ಕಂಪ್ಯೂಟರಿಗೆ ನೀವು ಒಂದೇ ಒಂದು ಖರ್ಚು ಮಾಡುವುದಾದರೆ ಇದನ್ನೇ ಮಾಡಿ. ತಿರುಗುವ ತಟ್ಟೆಯ ಮೇಲೆ ತಲೆ ಅತ್ತಿಂದಿತ್ತ ಓಡಾಡಿ ಚೂರುಚೂರು ಫೈಲುಗಳನ್ನು ಹುಡುಕುವ ಹೊತ್ತೇ ನಮಗೆ ‘ಸಿಸ್ಟಮ್ ಸ್ಲೋ’ ಅನ್ನಿಸುವುದು.

ತೊಡಕಾದದ್ದು ರ‍್ಯಾಮಿನಲ್ಲಿ. ಒಂದು ಸ್ಲಾಟಿನಲ್ಲಿ 8 ಜಿಬಿ ಇತ್ತು, ಇನ್ನೊಂದು ಖಾಲಿ. ಇನ್ನೊಂದು 8 ಹಾಕಿದರೆ ಸರಿಯಾದ ಜೋಡಿ. ಇದರ ಗ್ರಾಫಿಕ್ಸ್ ಕೂಡ ಅದೇ ರ‍್ಯಾಮನ್ನು ಹಂಚಿಕೊಳ್ಳುವುದರಿಂದ ಜೋಡಿ ಇದ್ದರೆ ಪ್ರಯೋಜನ ಇದೆ. ಎಸ್.ಪಿ. ರೋಡಿನಲ್ಲಿ ದರ ಕೇಳಿ ಸುಮ್ಮನೆ ನಿಂತೆ. ಒಂದು ವರ್ಷದ ಹಿಂದೆ ಕೊಟ್ಟಿದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ‘ಎಲ್ಲಾ ಎಐ ಎಫೆಕ್ಟ್ ಸಾರ್’ ಅಂದರು ಅಂಗಡಿಯವರು, ಮಳೆ ಬಂದಿಲ್ಲ ಅದಕ್ಕೇ ಟೊಮೆಟೊ ರೇಟು ಅನ್ನುವ ಧಾಟಿಯಲ್ಲೇ. ಅವರು ಹೇಳಿದ್ದು ನಿಜ. ಜಗತ್ತಿನ ರ‍್ಯಾಮ್ ಚಿಪ್, ಅಂದರೆ ಡಿರ‍್ಯಾಮ್‌ನ ಬಹುಪಾಲು ಮಾಡುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂರೇ ಕಂಪನಿ. ಡೇಟಾ ಸೆಂಟರುಗಳು ಕೇಳುವ ಎಚ್‌ಬಿಎಂ ಎಂಬ ಅತಿವೇಗದ ಮೆಮೊರಿ ಮತ್ತು ಸರ್ವರ್ ರ‍್ಯಾಮಿನಲ್ಲಿ ಲಾಭ ಹೆಚ್ಚು. ಇರುವ ಕಾರ್ಖಾನೆಯ ಜಾಗವನ್ನು ಅತ್ತ ತಿರುಗಿಸಿದರೆ ನಮ್ಮಂಥವರ ಪಾಲಿನದು ಕಡಿಮೆಯಾಗುತ್ತದೆ. 2025ರ ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಬ್ರ್ಯಾಂಡಿನ ಗ್ರಾಹಕ ವ್ಯಾಪಾರವನ್ನೇ ಮುಚ್ಚುವುದಾಗಿ ಹೇಳಿತು. ಕಣ್ಣುಮುಚ್ಚಿ ‘ಕ್ರೂಶಿಯಲ್ ತಗೊಳ್ಳಿ’ ಅಂತ ಎಲ್ಲರಿಗೂ ಹೇಳುತ್ತಿದ್ದವನು ನಾನು. ಟೆಕ್ ಸುದ್ದಿಗಳಲ್ಲಿ ಮುಕ್ಕಾಲು ಪಾಲು ಓದಿ ಮರೆಯಬಹುದಾದಂಥವು, ಇದು ಅಂಥದ್ದಲ್ಲ.

ನಾನು ಹೊಸದು ಕೊಳ್ಳಲಿಲ್ಲ. ಬೋರ್ಡ್ ಸತ್ತ ಹಳೇ ಲ್ಯಾಪ್‌ಟಾಪಿನಿಂದ ಕಿತ್ತಿಟ್ಟಿದ್ದ 8 ಜಿಬಿಯ ಡಿಡಿಆರ್4 ರ‍್ಯಾಮ್ ಕಡ್ಡಿಯೊಂದು ಡ್ರಾಯರಿನಲ್ಲಿತ್ತು. ಅದರ ಮೇಲೆ ವೇಗ 2400 ಎಂದಿತ್ತು. ಈ ಪ್ರೊಸೆಸರ್ ಅದನ್ನು 2133ರಲ್ಲಿ ಓಡಿಸುತ್ತದೆ, ಏನೂ ತೊಂದರೆಯಿಲ್ಲ. ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಲು ಬಿಟ್ಟು ಮಲಗಿದೆ, ಬೆಳಿಗ್ಗೆ ಒಂದೂ ಎರರ್ ಇರಲಿಲ್ಲ. ರ‍್ಯಾಮ್ ಸೋಲ್ಡರ್ ಆಗಿದ್ದ ಲ್ಯಾಪ್‌ಟಾಪ್ ಸತ್ತರೆ ಅದರ ಜೊತೆ ರ‍್ಯಾಮೂ ಸಾಯುತ್ತದೆ. ಸ್ಲಾಟಿನಲ್ಲಿದ್ದದ್ದು ಹೀಗೆ ಇನ್ನೊಂದು ಮನೆಗೆ ಹೋಗುತ್ತದೆ.

ಸೋಲ್ಡರ್ ಮಾಡುವವರೆಲ್ಲ ದುರಾಸೆಯವರು ಅಂತ ನಾನು ಹೇಳುವುದಿಲ್ಲ. ಎಲ್‌ಪಿಡಿಡಿಆರ್5ನಂಥ ಹೊಸ ಬಗೆಯ ರ‍್ಯಾಮ್‌ಗಳು ಕಡಿಮೆ ವೋಲ್ಟೇಜಿನಲ್ಲಿ ಬಹಳ ವೇಗವಾಗಿ ಓಡಬೇಕು, ಅದಕ್ಕೆ ಪ್ರೊಸೆಸರಿಗೂ ರ‍್ಯಾಮಿಗೂ ನಡುವೆ ದಾರಿ ಆದಷ್ಟು ಗಿಡ್ಡ ಇರಬೇಕು. ರಿಪೇರಿಯೇ ತನ್ನ ಧರ್ಮ ಅನ್ನುವ ಫ್ರೇಮ್‌ವರ್ಕ್ ಕಂಪನಿ ಕೂಡ 2025ರ ತನ್ನ ಡೆಸ್ಕ್‌ಟಾಪಿನಲ್ಲಿ ರ‍್ಯಾಮನ್ನು ಸೋಲ್ಡರ್ ಮಾಡಬೇಕಾಯಿತು. ಎಲ್‌ಪಿಕ್ಯಾಮ್2 ಎಂಬ, ಸ್ಕ್ರೂ ಬಿಚ್ಚಿ ಬದಲಿಸಬಹುದಾದ ರ‍್ಯಾಮ್ ಮಾದರಿ ಬಂದಿದೆ, 2024ರ ಥಿಂಕ್‌ಪ್ಯಾಡ್ ಪಿ1ರಲ್ಲಿ ಕಾಣಿಸಿತು. ನಮ್ಮ ಬಜೆಟ್ಟಿನ ಲ್ಯಾಪ್‌ಟಾಪಿಗೆ ಅದು ಇಳಿಯುವವರೆಗೆ ನನ್ನ ಪ್ರಶ್ನೆ ಬದಲಾಗುವುದಿಲ್ಲ.

ಕೈಯಲ್ಲಿ ಹಿಡಿಯುವ ಸಾಧನಗಳಿಗೂ ಇದೇ ಅಳತೆ ಹಾಕುತ್ತೇನೆ, ಸ್ವಲ್ಪ ಸಡಿಲವಾಗಿ. ಗೆಳೆಯನೊಬ್ಬ ಹೊರದೇಶದಿಂದ ತಂದಿದ್ದ 64 ಜಿಬಿಯ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದು ಗೇಮ್ ಆಡುವ ಸಾಧನಕ್ಕೆ ದೊಡ್ಡ ಎಸ್‌ಎಸ್‌ಡಿ ಹಾಕಿಕೊಟ್ಟೆ. ರ‍್ಯಾಮ್ ಸೋಲ್ಡರ್ ಆದದ್ದೇ, ಆದರೆ ಡಿಸ್ಕ್ ಬದಲಿಸಬಹುದು. ಬೇಕಾದದ್ದು 2230 ಅಳತೆಯದು, ಅಂದರೆ 22 ಮಿ.ಮೀ. ಅಗಲ, 30 ಮಿ.ಮೀ. ಉದ್ದ, ಲ್ಯಾಪ್‌ಟಾಪಿನ 2280 ಅಲ್ಲಿ ಕೂರುವುದಿಲ್ಲ. ಹಿಂಬದಿಯ 8 ಸ್ಕ್ರೂಗಳಲ್ಲಿ ನಾಲ್ಕು ಉದ್ದ, ನಾಲ್ಕು ಗಿಡ್ಡ, ಬೇರೆ ಬೇರೆ ಇಟ್ಟುಕೊಳ್ಳಬೇಕು. ಎಲ್ಲಕ್ಕಿಂತ ಮುಂಚೆ ಮೈಕ್ರೋ ಎಸ್‌ಡಿ ಕಾರ್ಡ್ ಹೊರಗೆ ತೆಗೆಯಬೇಕು, ಮರೆತು ಕವರ್ ಎಳೆದರೆ ಕಾರ್ಡ್ ಎರಡು ತುಂಡು. ಹಳೇ ಡಿಸ್ಕಿನ ಮೇಲಿರುವ ಲೋಹದ ಹೊದಿಕೆಯನ್ನು ಹೊಸದಕ್ಕೆ ತೊಡಿಸಿ, ಪೆನ್‌ಡ್ರೈವಿನಿಂದ ಅದರ ಆಪರೇಟಿಂಗ್ ಸಿಸ್ಟಮ್ ಆದ ಸ್ಟೀಮ್‌ಓಎಸ್ ಹಾಕಿದರೆ ಮುಗಿಯಿತು. ಮೊಬೈಲುಗಳಲ್ಲಿ ಅಷ್ಟೂ ಇಲ್ಲ. ಬ್ಯಾಟರಿ ಬದಲಿಸಲು ಗಾಜು ಬಿಸಿ ಮಾಡಿ ಅಂಟು ಬಿಡಿಸಬೇಕು. ಯುರೋಪ್ ಒಕ್ಕೂಟದ ಬ್ಯಾಟರಿ ನಿಯಮ 2027ರ ಫೆಬ್ರುವರಿಯಿಂದ ಇದನ್ನು ಬದಲಿಸಲು ಹೊರಟಿದೆ. ಟೈಪ್-ಸಿ ವಿಷಯದಲ್ಲಿ ಅವರ ನಿಯಮದ ಲಾಭ ನಮಗೂ ಸಿಕ್ಕಿತು, ಇದರಲ್ಲೂ ಸಿಗಲಿ ಅಂತ ಕಾಯುತ್ತಿದ್ದೇನೆ.

ಟಿ470ಕ್ಕೆ ಲಿನಕ್ಸ್ ಮಿಂಟ್ ಹಾಕಿದೆ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡದ ಕಗಪ ವಿನ್ಯಾಸ ಮೊದಲೇ ಇರುತ್ತದೆ, ಕೆ.ಪಿ. ರಾಯರು ರೂಪಿಸಿದ್ದು, ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರು ಹೊಸದಾಗಿ ಕಲಿಯುವುದು ಏನೂ ಇಲ್ಲ. ಗುಬ್ಬಿ, ನವಿಲು ಫಾಂಟುಗಳೂ ಸಾಫ್ಟ್‌ವೇರ್ ಭಂಡಾರದಲ್ಲೇ ಸಿಗುತ್ತವೆ. ಭಾವ ತಮ್ಮ ಸಂಘದ ಹಳೇ ಪತ್ರಗಳನ್ನು ತೆರೆದು ‘ಏನಪ್ಪಾ ಇದು, ಎಲ್ಲಾ ಇಂಗ್ಲಿಷ್ ಥರ ಏನೇನೋ ಬರ್ತಿದೆ’ ಅಂದರು. ಅವು, ಎಲ್ಲ ಕಂಪ್ಯೂಟರುಗಳಿಗೂ ಒಂದೇ ಅಕ್ಷರ ಸಂಕೇತವಾದ ಯೂನಿಕೋಡ್‌ಗೂ ಮುಂಚಿನ ನುಡಿ ಫಾಂಟಿನಲ್ಲಿ ಬರೆದವು. ಪರಿವರ್ತಕದಲ್ಲಿ ಹಾಕಿ ತೆಗೆದರೆ ಬಹುಪಾಲು ಸರಿಹೋಗುತ್ತದೆ, ಕೆಲವು ಒತ್ತಕ್ಷರ ಕೈಯಲ್ಲಿ ತಿದ್ದಬೇಕು. ಅವರ ಪತ್ರಗಳನ್ನೆಲ್ಲ ಪರಿವರ್ತಿಸುವ ಕೆಲಸ ಮಗಳ ಪಾಲಿಗೆ ಬಂತು.

ಅವಳ ತಕರಾರು ಒಂದೇ: ‘ಮಾಮ, ಕ್ಯಾಮೆರಾ ಒಂಚೂರೂ ಚೆನ್ನಾಗಿಲ್ಲ.’ 720ಪಿ ವೆಬ್‌ಕ್ಯಾಮ್, ಟ್ಯೂಬ್‌ಲೈಟ್ ಬೆಳಕಿನಲ್ಲಿ ಮುಖವೆಲ್ಲ ಮಸುಕು. ಅದಕ್ಕೆ ಬದಲಿ ಭಾಗ ಹುಡುಕುವುದು ದಂಡ. ಆನ್‌ಲೈನ್ ವೈವಾ ಇರುವ ದಿನ ಪುಸ್ತಕದ ರಾಶಿಗೆ ಒರಗಿಸಿದ ಫೋನನ್ನೇ ಕ್ಯಾಮೆರಾ ಮಾಡಿಕೊಳ್ಳುತ್ತಾಳೆ.