ಟ್ಯಾಂಕ್ ತುಂಬಿದರೆ ಮೋಟರ್ ನಿಲ್ಲಿಸಲು ಎರಡು ಟ್ರಾನ್ಸಿಸ್ಟರ್

ರಾಯಚೂರಿನ ನಮ್ಮ ಓಣಿಯಲ್ಲಿ ಬಹುತೇಕ ಮನೆಗಳಿಗೆ ಬೋರ್‌ವೆಲ್ ನೀರೇ ಗತಿ. ಮೋಟರ್ ಚಾಲೂ ಮಾಡಿ ಮರೆತರೆ ಮಾಳಿಗೆಯಿಂದ ಧಾರೆ ಸುರಿಯುತ್ತದೆ. ಟ್ಯಾಂಕ್ ತುಂಬಿದ ಕೂಡಲೇ ಮೋಟರ್ ತಾನೇ ನಿಲ್ಲುವಂತೆ ನಾನೊಂದು ಸರ್ಕ್ಯೂಟ್ ಮಾಡಿ ಹಾಕಿಕೊಂಡಿದ್ದೇನೆ. ಅದರಲ್ಲಿರುವುದು ಬಿ.ಸಿ.547 ಎಂಬ ಎರಡು ಎನ್‌ಪಿಎನ್ ಟ್ರಾನ್ಸಿಸ್ಟರ್, 12 ವೋಲ್ಟಿನ ರಿಲೇ (ಕಾಯಿಲಿಗೆ ಕರೆಂಟ್ ಕೊಟ್ಟರೆ ಎಳೆದುಕೊಳ್ಳುವ ಸ್ವಿಚ್), ಮೂರು ರೆಸಿಸ್ಟರ್, ಒಂದು ಡಯೋಡ್. ಅಷ್ಟೇ.

ಟ್ಯಾಂಕಿನೊಳಗೆ ಎರಡು ಸ್ಟೀಲ್ ಕಡ್ಡಿ ಇಳಿಬಿಟ್ಟೆ. ನೀರು ಎರಡಕ್ಕೂ ತಾಗಿದಾಗ ಅದರ ಮೂಲಕವೇ ಚೂರು ಕರೆಂಟ್ ಹರಿದು ಟ್ರಾನ್ಸಿಸ್ಟರಿನ ಬೇಸ್ ಎಂಬ ಕಾಲನ್ನು ಸೇರಬೇಕು. ಆಗ ಅದರ ಕಲೆಕ್ಟರ್ ಕಾಲಿನಿಂದ ಎಮಿಟರ್ ಕಾಲಿಗೆ ದೊಡ್ಡ ಕರೆಂಟ್ ಹರಿದು ರಿಲೇ ಎಳೆಯಬೇಕು. ನಮ್ಮ ಸವಳು ನೀರಿನಲ್ಲಿ ಉಪ್ಪಿನಂಶ ಹೆಚ್ಚು, ಈ ಒಂದು ಕೆಲಸಕ್ಕೆ ಅದು ಅನುಕೂಲವೇ! ಆದರೂ ಮೀಟರಿನಲ್ಲಿ ಕಂಡದ್ದು ಸುಮಾರು 80 ಮೈಕ್ರೋಆಂಪ್ ಮಾತ್ರ.

ಡಿಪ್ಲೊಮಾ ಓದುವ ಪಕ್ಕದ ಮನೆ ಹುಡುಗ ಜೊತೆಗಿದ್ದ. "ಅಣ್ಣಾ, ಇದರ ಗೇನ್ ಇನ್ನೂರರ ಮ್ಯಾಲ ಐತಲ್ಲ, ಒಂದ ಟ್ರಾನ್ಸಿಸ್ಟರ್ ಸಾಕಾಗೂದಿಲ್ಲೇನು?" ಅಂದ. "ತಡಿ, ಹಚ್ಚಿ ನೋಡೂಣು" ಅಂದೆ. ಗೇನ್ ಅಂದರೆ ಬೇಸ್‌ಗೆ ಕೊಟ್ಟ ಕರೆಂಟಿನ ಎಷ್ಟು ಪಟ್ಟು ಕಲೆಕ್ಟರಿನಲ್ಲಿ ಹರಿಯುತ್ತದೆ ಎಂಬ ಲೆಕ್ಕ.

ರಿಲೇ ಕಾಯಿಲ್ 400 ಓಮ್. ಅಂದರೆ 12 ವೋಲ್ಟಿಗೆ ಅದಕ್ಕೆ 30 ಮಿಲಿಆಂಪ್ ಬೇಕು. ಗೇನ್ 250 ಎಂದು ಹಿಡಿದರೂ 80 ಮೈಕ್ರೋಆಂಪ್‌ಗೆ ಸಿಗುವುದು 20 ಮಿಲಿಆಂಪ್. ಕಲೆಕ್ಟರ್‌ಗೂ ಎಮಿಟರ್‌ಗೂ ಮೀಟರ್ ಹಿಡಿದರೆ 4 ವೋಲ್ಟ್ ತೋರಿಸಿತು. ರಿಲೇ ಪಾಲಿಗೆ ಉಳಿದದ್ದು 8 ವೋಲ್ಟ್, ಅದು ಎಳೆಯಲೇ ಇಲ್ಲ. ಟ್ರಾನ್ಸಿಸ್ಟರನ್ನು ಸ್ವಿಚ್ ಮಾಡುವವರು ನೋಡಬೇಕಾದ ಅಂಕಿ ಇದೇ. ಪೂರ್ತಿ ಆನ್ ಆದಾಗ ಕಲೆಕ್ಟರ್-ಎಮಿಟರ್ ನಡುವೆ 0.1 ಅಥವಾ 0.2 ವೋಲ್ಟ್ ಇರಬೇಕು. ಆಫ್ ಆದಾಗ ಪೂರ್ತಿ 12. ನಡುವೆ ಎಲ್ಲೋ ನಿಂತರೆ ಅದು ಸ್ವಿಚ್ ಅಲ್ಲ, ಕರೆಂಟನ್ನು ಕಾವಾಗಿ ಕಳೆಯುವ ರೆಸಿಸ್ಟರ್.

ಅದಕ್ಕೇ ಸ್ವಿಚ್ ಲೆಕ್ಕದಲ್ಲಿ ಪುಸ್ತಕದ ಗೇನ್ ನಂಬುವುದಿಲ್ಲ. ಕಲೆಕ್ಟರ್ ಕರೆಂಟಿನ ಹತ್ತನೇ ಒಂದು ಭಾಗವನ್ನು ಬೇಸ್‌ಗೆ ಕೊಡುತ್ತೇನೆ. ಇಲ್ಲಿ 3 ಮಿಲಿಆಂಪ್. ನೀರಿನಿಂದ ಅಷ್ಟು ಬಾರದು, ಹಾಗಾಗಿ ನಡುವೆ ಇನ್ನೊಂದು ಬಿ.ಸಿ.547 ಹಾಕಿದೆ. ಕಡ್ಡಿಗಳಲ್ಲಿ ಒಂದು 12 ವೋಲ್ಟಿಗೆ, ಇನ್ನೊಂದು 10 ಕಿಲೋಓಮ್ ಮೂಲಕ ಮೊದಲ ಟ್ರಾನ್ಸಿಸ್ಟರಿನ ಬೇಸ್‌ಗೆ. ಅದರ ಕಲೆಕ್ಟರ್ 3.3 ಕಿಲೋಓಮ್ ಮೂಲಕ 12 ವೋಲ್ಟಿಗೆ, ಎಮಿಟರ್ ನೇರವಾಗಿ ಎರಡನೆಯದರ ಬೇಸ್‌ಗೆ. ಎರಡನೆಯದರ ಎಮಿಟರ್ ಗ್ರೌಂಡಿಗೆ, ಕಲೆಕ್ಟರ್ ರಿಲೇಗೆ, ರಿಲೇಯ ಇನ್ನೊಂದು ತುದಿ 12 ವೋಲ್ಟಿಗೆ. ಆ ಎರಡನೇ ಬೇಸ್‌ನಿಂದ ಗ್ರೌಂಡಿಗೆ ಇನ್ನೊಂದು 10 ಕಿಲೋಓಮ್ ಇದ್ದರೆ ತೇವದಿಂದ ಸೋರುವ ಚೂರುಪಾರು ಕರೆಂಟಿಗೆ ರಿಲೇ ಎಳೆಯುವುದಿಲ್ಲ. ಈ ಸಲ ಮೀಟರ್ 0.1 ವೋಲ್ಟ್ ತೋರಿಸಿತು, ರಿಲೇ ಟಕ್ ಅಂತು.

ಕಾಲುಗಳ ವಿಷಯ: ಚಪ್ಪಟೆ ಮುಖ ನಮ್ಮ ಕಡೆ, ಕಾಲು ಕೆಳಗೆ ಇಟ್ಟರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಬೇರೆ ನಂಬರಿನದಾದರೆ ಈ ಕ್ರಮ ಬದಲಾಗಬಹುದು. ಮೀಟರನ್ನು ಡಯೋಡ್ ಮೋಡ್‌ನಲ್ಲಿಟ್ಟು ಅದರ ಕೆಂಪು ಕಡ್ಡಿಯನ್ನು ಬೇಸ್‌ಗೆ, ಕರಿದನ್ನು ಉಳಿದೆರಡಕ್ಕೆ ಒಂದೊಂದಾಗಿ ಹಿಡಿದರೆ ಎರಡೂ ಕಡೆ 0.6-0.7 ಬರಬೇಕು.

ರಿಲೇ ಕಾಯಿಲಿಗೆ ಅಡ್ಡಲಾಗಿ 1ಎನ್4007 ಡಯೋಡ್ ಕಡ್ಡಾಯ, ಬಿಳಿ ಪಟ್ಟೆ ಪಾಸಿಟಿವ್ ಕಡೆಗೆ. ಕರೆಂಟ್ ಕಡಿದಾಗ ಕಾಯಿಲ್ ನೂರಾರು ವೋಲ್ಟ್ ಹಿಂದಕ್ಕೆ ಒದೆಯಬಲ್ಲದು. ಬಿ.ಸಿ.547 ತಾಳುವುದು 45 ವೋಲ್ಟ್.

ಮೋಟರಿನ ಕರೆಂಟನ್ನು ಈ ರಿಲೇ ಮೂಲಕ ಹಾಯಿಸಿಲ್ಲ. ಸ್ಟಾರ್ಟರಿನ ಕಾಯಿಲ್ ಸಾಲಿನಲ್ಲಿ ರಿಲೇಯ ಸಾಮಾನ್ಯವಾಗಿ ಮುಚ್ಚಿರುವ ಕಾಂಟ್ಯಾಕ್ಟ್ ಸೇರಿಸಿದ್ದೇನೆ. ಟ್ಯಾಂಕ್ ತುಂಬಿದಾಗ ಅದು ತೆರೆದು ಸ್ಟಾರ್ಟರ್ ಬಿಡುತ್ತದೆ. ಮತ್ತೆ ಹಸಿರು ಗುಂಡಿ ಒತ್ತುವವರೆಗೆ ಮೋಟರ್ ಏಳುವುದಿಲ್ಲ, ನೀರು ಅಲುಗಾಡಿ ರಿಲೇ ಬಡಿದಾಡಿದರೂ ಪರವಾಗಿಲ್ಲ. ಈ 230 ವೋಲ್ಟಿನ ಭಾಗವನ್ನು ಹೊಸಬರು ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಲಿ. ನೀರಿಗೆ ಕಡ್ಡಿ ಇಳಿಯುವುದರಿಂದ 12 ವೋಲ್ಟಿಗೆ ಟ್ರಾನ್ಸ್‌ಫಾರ್ಮರ್ ಇರುವ ಒಳ್ಳೆ ಅಡಾಪ್ಟರೇ ಇರಲಿ.

ಕಡ್ಡಿಗೆ ತಾಮ್ರದ ತಂತಿ ಬೇಡ. ಡಿಸಿ ಹರಿದಷ್ಟು ಹೊತ್ತೂ ಪಾಸಿಟಿವ್ ಕಡೆಯದು ಹಸಿರುಗಟ್ಟಿ ಸವೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಬಹಳ ಕಾಲ ತಾಳುತ್ತದೆ. ಆದರೆ ನಮ್ಮ ನೀರಿಗೆ ಅದರ ಮೇಲೂ ಬಿಳಿ ಪೊರೆ ಕಟ್ಟುತ್ತದೆ, ಆಗಾಗ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆಯುತ್ತೇನೆ.